ಏಳನೆಯ ಅಂಗಿ

ಏಳು ಬೇಕು ಎಂದರು.
ಒಂದೇ ಬಣ್ಣ, ಒಂದೇ ಅಳತೆ, ಮುಂಗಡೆ ಐದು ಗುಂಡಿ,
ಬಲಭುಜ ಮಾತ್ರ ಒಂದೇ ಎಳೆತಕ್ಕೆ ಕಿತ್ತು ಬರಬೇಕು.
ತಿಬಿಲಿಸಿಯ ಹಳೆ ಸ್ಟುಡಿಯೋದ ನೆಲಮಾಳಿಗೆ,
ಹಬೆ ಕಾರುವ ಇಸ್ತ್ರಿ, ಕಿಟಕಿಯಾಚೆ ಬರಿಯ ಕಾಲುಗಳು.
ನಾನು ನಾನೂಲಿ. ನಲವತ್ತು ವರ್ಷ
ಬಿಚ್ಚದಿರಲಿ ಎಂದೇ ಹೊಲಿದವಳು.
ಹರಿಯಲೆಂದು ಹೊಲಿಯುವುದು ಹೇಗೆ?
ಅದಕ್ಕೂ ಕೈಚಳಕ ಬೇಕು, ಗೊತ್ತೇ:
ಉದ್ದುದ್ದ ಕಚ್ಚುಹೊಲಿಗೆ, ಲಡ್ಡು ದಾರ,
ಕೊನೆಗೆ ಗಂಟು ಹಾಕಬಾರದು.

ಅಳತೆಗೆ ಬಂದಳು ತೆಕ್ಲೆ. ಇಪ್ಪತ್ತಮೂರೋ ನಾಲ್ಕೋ.
ಕನ್ನಡಿಗೆ ಬೆನ್ನು ಹಾಕಿ ನಿಂತು ಕೇಳಿದಳು,
"ಎಲ್ಲಿಂದ ಎಲ್ಲಿಯವರೆಗೆ ಹರಿಯುತ್ತದೆ?"
ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ.
ಆ ಗೆರೆಯ ಮೇಲೆ ಕೈಯಿಟ್ಟುಕೊಂಡಳು,
ಆಗಲೇ ಚಳಿಯಾದವಳಂತೆ.

ನಿರ್ದೇಶಕ ವಾಝಾ ಕೆಟ್ಟವನಲ್ಲ.
ನನ್ನ ಮೊಣಕಾಲಿಗೆ ಮುಲಾಮು ತಂದುಕೊಟ್ಟವನು.
"ಸತ್ಯ ತೋರಿಸಬೇಕು ನಾನೂಲಿ," ಎಂದ,
"ನೋಡಿದವರ ಹೊಟ್ಟೆ ತೊಳಸಬೇಕು."
ಸರಿಯಪ್ಪ. ಆದರೆ ನಿನ್ನ ಕ್ಯಾಮೆರಾ
ಅವನ ಹೆಗಲ ಮೇಲೇಕೆ ಕೂತಿದೆ?
ಅಲ್ಲಿಂದ ಕಾಣುವುದು ಅವಳ ಮೈ,
ಅವಳಿಗೆ ಕಾಣುವುದಲ್ಲ.
ಕೇಳಲಿಲ್ಲ. ಬಾಯಲ್ಲಿ ಗುಂಡುಸೂಜಿಗಳಿದ್ದವು.

ಅವನ್ನು ಉಗಿದ ಮೇಲೆ ಹೇಳಿದ್ದು ಇಷ್ಟು:
ಯುದ್ಧದ ವರ್ಷ, ಚಳಿಗಾಲ, ಒಬ್ಬಳು
ಕೋಟು ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು.
ಒಳಪದರ ಕಿತ್ತಿತ್ತು, ಎರಡು ಗುಂಡಿಯಿರಲಿಲ್ಲ.
"ಬೇಲಿಗೆ ಸಿಕ್ಕಿತು" ಅಂದಳು.
ನಮ್ಮ ಬೀದಿಯಲ್ಲಿ ಬೇಲಿಯೇ ಇರಲಿಲ್ಲ;
ಸೌದೆಗೆಂದು ಎಲ್ಲ ಮುರಿದು ಸುಟ್ಟಿದ್ದೆವು.
"ಹೌದು, ಹಾಳು ಬೇಲಿ" ಅಂದೆ ನಾನು.
ಹೊಲಿದು ಕೊಟ್ಟೆ. ಗುಂಡಿ ಬೇರೆ ಬಣ್ಣದ್ದು, ಸಿಕ್ಕಿದ್ದೇ ಅದು.
ದುಡ್ಡಿನ ಬದಲು ಅರ್ಧ ಬ್ರೆಡ್ಡು ಇಟ್ಟು ಹೋದಳು.
ಅವಳ ಹೆಸರು ಇವತ್ತಿಗೂ ನನ್ನ ಬಾಯಿಂದ ಬಂದಿಲ್ಲ,
ಇಲ್ಲಿಯೂ ಬರುವುದಿಲ್ಲ.
"ಅದನ್ನು ತೋರಿಸು ವಾಝಾ, ಆ ಕೋಟನ್ನು."
ನಕ್ಕ. "ಕೋಟು ನೋಡಲು ಟಿಕೇಟು ತೆಗೆಯುವವರು ಯಾರು?"

ಮೊದಲ ಅಂಗಿ ಹರಿಯಿತು,
ಗುಂಡಿ ಹಾರಿ ದೀಪದ ಕಂಬಕ್ಕೆ ಟಣ್ ಅಂತು.
ಎರಡನೆಯದಕ್ಕೆ ಸದ್ದು ಸಾಲಲಿಲ್ಲ.
ಮೂರನೆಯದಕ್ಕೆ ಬೆಳಕು ತಪ್ಪಿತು.
ನಾಲ್ಕು.
ಐದಕ್ಕೆ, ಎಳೆಯುವ ಹುಡುಗನೇ ಅತ್ತುಬಿಟ್ಟ;
ಬೆನ್ನು ಸವರಿ ಚಹಾ ಕೊಟ್ಟರು.
ತೆಕ್ಲೆಗೆ ಕೊಡಲು ಯಾರಿಗೂ ನೆನಪಾಗಲಿಲ್ಲ.
ಪ್ರತಿ ಸಲವೂ ಹೊಸ ಅಂಗಿ.
ಮೈ ಅದೇ.

ಏಳನೆಯದನ್ನು ಹಿಂದಿನ ರಾತ್ರಿಯೇ
ಚಪ್ಪಲಿ ಹೊಲಿಯುವ ಮೇಣದ ದಾರದಲ್ಲಿ
ಎರಡೆಳೆ ಹಾಕಿ ಹೊಲಿದಿಟ್ಟಿದ್ದೆ, ಗಂಟಿನ ಮೇಲೆ ಗಂಟು.
ಎತ್ತು ಕಟ್ಟಿ ಎಳೆದರೂ ಬರಬಾರದು.
ಎಳೆಯಲಿ, ಎಲ್ಲರೆದುರು ಎಳೆದೆಳೆದು ಕೈ ಸೋಲಲಿ ಎಂದು
ಮಡಿಲಲ್ಲಿಟ್ಟುಕೊಂಡು ಕಾದೆ.
ಆರಕ್ಕೇ ವಾಝಾ "ಸಾಕು, ಇದು ಚೆನ್ನಾಗಿದೆ" ಎಂದ.
ಎಲ್ಲರೂ ಚಪ್ಪಾಳೆ ತಟ್ಟಿದರು. ಅಭ್ಯಾಸಬಲ, ನಾನೂ.

ಸಿನಿಮಾ ಬಂತು, ಬಹುಮಾನವೂ ಬಂತು.
ಬಸ್ ನಿಲ್ದಾಣದ ಗಾಜಿನ ಮೇಲೆ ಆ ಬಲಭುಜ
ಇನ್ನೂ ಅಂಟಿಕೊಂಡಿದೆ; ಅದರಡಿ ಹುಡುಗರು
ಸೂರ್ಯಕಾಂತಿ ಬೀಜ ಸುಲಿದು ಸಿಪ್ಪೆ ಉಗಿಯುತ್ತಾರೆ,
ಒಮ್ಮೊಮ್ಮೆ ತಲೆಯೆತ್ತಿ ನೋಡುತ್ತಾರೆ.
ಯಾರ ಹೊಟ್ಟೆಯೂ ತೊಳಸಿದಂತಿಲ್ಲ.

ಏಳನೆಯ ಅಂಗಿಯನ್ನು ತೆಕ್ಲೆ ಕೇಳಿ ಇಸಿದುಕೊಂಡಳು.
ತೊಡುತ್ತಾಳೋ ಇಲ್ಲವೋ, ನಾನು ಕಂಡಿಲ್ಲ.
ನೀವು ಕೇಳಿದರೆ ಅದರ ಕತೆಯನ್ನೇ ಹೇಳುತ್ತೇನೆ,
ಮೇಣದ ದಾರ, ಗಂಟಿನ ಮೇಲೆ ಗಂಟು.
ರಾತ್ರಿ ಮಾತ್ರ ಬೆರಳು ಬೇರೆ ಲೆಕ್ಕ ಹಾಕುತ್ತವೆ:
ಒಂದಕ್ಕಿಷ್ಟು ಎಂದು ಎಣಿಸಿ ಪಡೆದದ್ದು ಏಳರ ದುಡ್ಡು,
ಆರು ಹೊಲಿದವಳೂ
ನಾನೇ.